ಸೀನಿಗೊಂದು ಮಾಮೂಲು

ಮೊನ್ನೆ ಮಾಟುಂಗದ ಮಾರ್ಕೆಟ್ಟಿನಲ್ಲಿ ನನಗೊಂದು ಸೀನು ಬಂತು. ಅದರಲ್ಲೇನು ವಿಶೇಷ, ಈ ಊರಿನ ಧೂಳಿನಲ್ಲಿ ಸೀನದವರು ಯಾರಿದ್ದಾರೆ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಸೀನುಗಳಲ್ಲೂ ಕುಲಗೋತ್ರ ಇದೆ. ನೆಗಡಿಯ ಸೀನು ಬೇರೆ, ಧೂಳಿನ ಸೀನು ಬೇರೆ, ಒಣಮೆಣಸಿನಕಾಯಿ ಕುಟ್ಟುವಾಗ ಬರುವ ಸೀನು ಬೇರೆ. ಈ ಕೊನೆಯದನ್ನು ನಾನು ನಿದ್ದೆಗಣ್ಣಿನಲ್ಲೂ ಗುರುತಿಸಬಲ್ಲೆ. ಅದು ಮೊದಲು ಗಂಟಲಿನ ಹಿಂದೆಲ್ಲೋ ಕೂತುಕೊಳ್ಳುತ್ತದೆ, ಕಣ್ಣಲ್ಲಿ ನೀರು ತರಿಸುತ್ತದೆ, ಇನ್ನೇನು ಹೋಯಿತು ಅನ್ನುವಾಗ ಮೂಗಿಗೆ ಬರುತ್ತದೆ. ಹತ್ತಿರದ ಮಸಾಲೆ ಗಿರಣಿಯಲ್ಲಿ ಯಾರದೋ ವರ್ಷದ ಖಾರ ಕುಟ್ಟುತ್ತಿದ್ದರು. ಒಂದು ಕಾಲದಲ್ಲಿ ಇಂಥ ಸೀನಿಗೆ ನನಗೆ ಪಗಾರ ಸಿಗುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ಸೀನು ಬಂದಾಗ ನನ್ನ ಜೊತೆ ರೇಣುಕಾ ಇದ್ದಳು. ನನ್ನ ಹಳೆಯ ಜೊತೆಗಾರ್ತಿ ಶಾಂತವ್ವನ ಮಗಳು, ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ ಎಂದು ಕರೆಯುವವಳು, ಈಗ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಇಬ್ಬರೂ ಉಡುಪಿ ಹೋಟೆಲ್ಲಿನಲ್ಲಿ ಕಾಫಿಗೆ ಕೂತೆವು. ಅವಳು ಚೀಲದಿಂದ ಒಂದು ಬಿಳಿ ಮಗ್ಗು ತೆಗೆದು ಮೇಜಿನ ಮೇಲಿಟ್ಟಳು. ಮಗ್ಗು ಎಂದರೆ ನನಗೆ ಬಚ್ಚಲಮನೆಯದೇ ನೆನಪಿಗೆ ಬರುತ್ತದೆ. ಇದು ಕಾಫಿ ಕುಡಿಯುವ ಮಗ್ಗಂತೆ. 'ನೀವು ನಮ್ಮ ಕುಟುಂಬ' ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಆಸ್ಪತ್ರೆಯವರು ಎಲ್ಲ ನರ್ಸುಗಳಿಗೂ ಒಂದೊಂದು ಕೊಟ್ಟಿದ್ದರು. ಕುಟುಂಬಕ್ಕೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಯಾಕೆ ಬಂತು ಎಂದು ಕೇಳಿದೆ. ಗಣಪತಿ, ದೀಪಾವಳಿ, ಈದ್, ಕ್ರಿಸ್‌ಮಸ್ ದಿನ ಡ್ಯೂಟಿ ಮಾಡಿದವರಿಗೆ ಆಸ್ಪತ್ರೆ ಮೊದಲಿನಿಂದಲೂ ಹೆಚ್ಚಿನ ದುಡ್ಡು ಕೊಡುತ್ತಿತ್ತು. ಈಗ ಅದನ್ನು ನಿಲ್ಲಿಸಿದ್ದಾರೆ. ನಮ್ಮದೇನೂ ತಕರಾರಿಲ್ಲ ಎಂದು ಎಲ್ಲರೂ ಸೋಮವಾರ ಸಹಿ ಹಾಕಬೇಕು.

"ಜಾನೇ ದೋ ಮಾವಶಿ," ಎಂದಳು ರೇಣುಕಾ. "ಮಾಮೂಲಿ ಅಮೌಂಟ್ ಅದ. ಅದರ ಸಲುವಾಗಿ ಯಾಕ ಝಗಡಾ? ಸೈನ್ ಮಾಡಿಬಿಡ್ತೀನಿ."

ಮೆಣಸಿನಕಾಯಿಗಿಂತ ಆ ಮಾತು ನನಗೆ ಹೆಚ್ಚು ಖಾರವಾಯಿತು. "ನಿಮ್ಮವ್ವ ಇದೇ ಶಬ್ದ ಹಿಡಿದು ಲೇಬರ್ ಆಫೀಸಿನ ಮೆಟ್ಟಿಲು ಹತ್ತಿದಾಕಿ. ನೀ ಅದನ್ನ ಬುಡಮೇಲು ಮಾಡಿ ಹಿಡದೀಯಲ್ಲ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅವ್ವ ಒಂದು ಬೇಸಿಗೆಯಲ್ಲಿ ಬೆಲ್ಲ ಬಿಟ್ಟಿದ್ದಳು ಎಂಬುದಷ್ಟೇ ಅವಳಿಗೆ ನೆನಪು. ಇನ್ನೊಂದು ಕಾಫಿ ತರಿಸಿ ಮೊದಲಿನಿಂದ ಹೇಳಿದೆ. ನಿಮಗೂ ಹಾಗೆಯೇ ಹೇಳುತ್ತೇನೆ.

ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ದಾದರಿನ ಚಾಳಿಗೆ ಬಂದವಳು. ಕನ್ನಡ ಸಾಹಿತ್ಯ ಓದಿದವಳಿಗೆ ಈ ಊರಿನಲ್ಲಿ ಎಂಥ ಕೆಲಸ ಕಾದಿರುತ್ತದೆ ಎಂದು ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಜೋಗೇಶ್ವರಿಯ ಒಂದು ಮಸಾಲೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕ್ಲಾರ್ಕಿನ ಕೆಲಸ ಕಾದಿತ್ತು. ಹಳಗನ್ನಡ ಓದಿ ಪಳಗಿದ ಕಣ್ಣು ಅರಿಸಿನಪುಡಿ ಪೊಟ್ಟಣದ ತೂಕ ಓದತೊಡಗಿತು. ನನ್ನ ಮೇಜು ಕುಟ್ಟುವ ಮಶೀನಿನ ಪಕ್ಕದಲ್ಲೇ ಇತ್ತು. ನಡುವೆ ಒಂದು ಗೋಣಿತಟ್ಟಿನ ಪರದೆ. ಅದು ಇತ್ತು ಅನ್ನುವುದಕ್ಕೆ ಮಾತ್ರ ಇತ್ತು.

ಸಂಕ್ರಾಂತಿ ದಾಟಿತೆಂದರೆ ನಮ್ಮಲ್ಲಿ ಮೆಣಸಿನಕಾಯಿಯ ಹಂಗಾಮು. ಜೂನಿನಲ್ಲಿ ಮಿರಗದ ಮಳೆ ಬರುವ ತನಕ ಬ್ಯಾಡಗಿಯ ಚೀಲ, ಗುಂಟೂರಿನ ಚೀಲ, ಒಂದರ ಮೇಲೊಂದು. ಸಂಜೆ ನಾನು ಲೋಕಲ್ಲಿನ ಲೇಡೀಸ್ ಡಬ್ಬಿ ಹತ್ತಿದರೆ ಅಂಧೇರಿ ಬರುವುದರೊಳಗೆ ಅಕ್ಕಪಕ್ಕದವರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು, ಸಾಂತಾಕ್ರೂಜ್ ಬರುವಾಗ ನನಗೆ ಸೀಟು ಸಿಕ್ಕಿರುತ್ತಿತ್ತು. ಗರ್ಭಿಣಿಗೂ ಮುದುಕಿಗೂ ಎದ್ದು ಜಾಗ ಕೊಡದ ಜನ ನನಗೆ ಕೊಡುತ್ತಿದ್ದರು. ಮನೆಯವರು ಮಾತ್ರ ಕೊಡಲಿಲ್ಲ. ಸ್ನಾನ ಮಾಡದೆ ಒಳಗೆ ಬರಬೇಡ ಎಂದು ನಮ್ಮ ಅತ್ತೆಯವರು ಬಾಗಿಲಲ್ಲೇ ಟವೆಲು ಹಿಡಿದು ನಿಲ್ಲುತ್ತಿದ್ದರು.

ಸೀನಿನ ಶಕುನ ನಿಮಗೆ ಗೊತ್ತಲ್ಲ. ಹೊರಡುವಾಗ ಒಂಟಿ ಸೀನಾದರೆ ಕೆಲಸ ಕೆಡುತ್ತದೆ, ಒಂದು ಗಳಿಗೆ ಕೂತು ನೀರು ಕುಡಿದು ಹೋಗಬೇಕು. ಜೋಡಿ ಸೀನಾದರೆ ಶುಭ. ನಮ್ಮ ಸೆಕ್ಷನ್ನಿನಲ್ಲಿ ಇದನ್ನು ಪಾಲಿಸಿದ್ದರೆ ವರ್ಷಕ್ಕೊಂದು ಪೊಟ್ಟಣವೂ ಹೊರಗೆ ಹೋಗುತ್ತಿರಲಿಲ್ಲ. ಯಾವುದು ಒಂಟಿ, ಯಾವುದು ಜೋಡಿ, ಯಾರದು ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಯಿತು, ಆ ದೇವರೇ ಹೇಳಬೇಕು.

ಇದನ್ನೆಲ್ಲ ನೋಡಿಯೇ ಇರಬೇಕು, ಹಿರಿಯ ಸೇಠರು ಹಿಂದೆಂದೋ ಒಂದು ಪದ್ಧತಿ ಹಾಕಿದ್ದರು. ಮೆಣಸಿನಕಾಯಿಯ ಹಂಗಾಮಿನಲ್ಲಿ ಪ್ರತಿ ಶನಿವಾರ ಪಗಾರವಲ್ಲದೆ ಬೇರೆ ಒಂದಿಷ್ಟು ದುಡ್ಡು, ಅದರ ಜೊತೆ ಒಂದು ಹೆಂಟೆ ಬೆಲ್ಲ. ಬೆಲ್ಲ ತಿಂದರೆ ಗಂಟಲಿನ ಧೂಳು ಇಳಿಯುತ್ತದೆ ಎಂದು ಅವರ ನಂಬಿಕೆ. ದುಡ್ಡನ್ನೂ ಬೆಲ್ಲವನ್ನೂ ಒಂದೇ ಕೈಯಲ್ಲಿ ಕೊಡುತ್ತಿದ್ದರು, ನೋಟು ಸದಾ ಅಂಟಂಟು. ಸೇಠರು ಅದನ್ನು ಮಿರ್ಚಿ ಭತ್ತಾ ಅನ್ನುತ್ತಿದ್ದರು. ಮರಾಠಿ ಹೆಂಗಸರು ಶಿಂಕ್ ಭತ್ತಾ, ಅಂದರೆ ಸೀನಿನ ಭತ್ತೆ ಎಂದು ನಗುತ್ತಿದ್ದರು. ನಾವು ಕನ್ನಡದವರು ಮಾಮೂಲು ಅನ್ನುತ್ತಿದ್ದೆವು. "ಈ ವಾರದ ಮಾಮೂಲು ಬಂತೇನ್ರಿ?" ಎಂದರೆ ಮುಗಿಯಿತು.

ಈ ಹೆಸರಿಟ್ಟವಳು ಶಾಂತವ್ವ. ವಿಜಯಪುರದ ಇಂಡಿ ಕಡೆಯವಳು, ನನಗಿಂತ ಹಿರಿಯಳು, ಆದರೂ ಓದಿದವಳೆಂದು ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದಳು. ಮಶೀನಿನ ಬಾಯಿಗೆ ಮೆಣಸಿನಕಾಯಿ ಸುರಿಯುವುದು ಅವಳ ಕೆಲಸ. ವಿಚಿತ್ರವೆಂದರೆ ಅವಳು ಎಂದೂ ಸೀನಿದವಳಲ್ಲ. ಸೀನದವಳಿಗೂ ಸೀನಿನ ಭತ್ತೆಯೇ ಎಂದು ನಾನು ಚೇಷ್ಟೆ ಮಾಡಿದರೆ ಅವಳು ನಗುತ್ತಿರಲಿಲ್ಲ. "ನಿಮ್ದು ಪುಣ್ಯ ಅಕ್ಕಾರ, ಸೀನಿದ್ರ ಹೊರಗ ಬೀಳತೈತಿ. ನಂದು ಒಳಗ ಉಳೀತೈತಿ," ಅನ್ನುತ್ತಿದ್ದಳು. ಅವಳ ಕೆಮ್ಮು ಕೇಳಿದವರಿಗೆ ಆ ಮಾತು ಉತ್ಪ್ರೇಕ್ಷೆ ಅನಿಸುತ್ತಿರಲಿಲ್ಲ. ಗಂಡ ಇಲ್ಲದ ಸಂಸಾರ, ಚಾಳಿನ ಒಂದು ಖೋಲಿ, ಹನ್ನೆರಡನೇ ಪಾಸಾಗಲಿರುವ ಮಗಳು ರೇಣುಕಾ. ಜೂನಿನಲ್ಲಿ ಅವಳನ್ನು ನರ್ಸಿಂಗಿಗೆ ಹಾಕಬೇಕು. ಪಗಾರ ಊಟಕ್ಕೆ, ಬಾಡಿಗೆಗೆ. ಹಂಗಾಮಿನ ಮಾಮೂಲು ಮಾತ್ರ ಮುಟ್ಟದೆ ಎತ್ತಿಟ್ಟು ಮಗಳ ಫೀಗೆ. ಇಷ್ಟೇ ಶಾಂತವ್ವನ ಬಜೆಟ್ಟು. ಸರ್ಕಾರದ್ದಕ್ಕಿಂತ ಗಟ್ಟಿಯಾಗಿತ್ತು.

ಆ ವರ್ಷ ಹಿರಿಯ ಸೇಠರು ಮಂಡಿನೋವೆಂದು ಮನೆ ಹಿಡಿದರು, ಮಗ ಕುರ್ಚಿ ಹಿಡಿದ. ಛೋಟೇ ಸೇಠ್ ಕೆಟ್ಟವನಲ್ಲ. ನಮಗೆ ಕುಡಿಯಲು ತಣ್ಣನೆ ನೀರಿನ ಮಶೀನು ತರಿಸಿದವನು ಅವನೇ. ಮ್ಯಾನೇಜ್‌ಮೆಂಟ್ ಓದಿ ಬಂದಿದ್ದ, ಅಷ್ಟೇ. ಎಲ್ಲಿ ಏನು ಉಳಿಸಬಹುದು ಎಂದು ನೋಡುತ್ತಿದ್ದ. ಗೋಡೆ ಒಡೆಸಿ ಲಾರಿಯ ಗಾಲಿಯಷ್ಟು ದೊಡ್ಡ ಫ್ಯಾನು ಕೂಡಿಸಿದ. ಅದು ಖಾರದ ಪುಡಿಯನ್ನು ಹೊರಗೆ ತಳ್ಳುತ್ತಿತ್ತು, ಸುಳ್ಳಲ್ಲ. ಹೊರಗೆ ಹೋದ ಪುಡಿ ಒಂದು ಸುತ್ತು ಹಾಕಿ ನನ್ನ ಕಿಟಕಿಯಿಂದ ಮರಳಿ ಒಳಗೆ ಬರುತ್ತಿತ್ತು, ಅದೂ ಸುಳ್ಳಲ್ಲ.

ಹೋಳಿ ಹುಣ್ಣಿಮೆ ಮುಗಿದ ಮೇಲಿನ ಶನಿವಾರ ಛೋಟೇ ಸೇಠ್ ಪಗಾರ ಕೊಟ್ಟ, ಬೆಲ್ಲ ಕೊಟ್ಟ, ಕೈ ಒರೆಸಿಕೊಂಡ. ಮಾಮೂಲು ಇಲ್ಲ. ಫ್ಯಾನು ಬಂದಿದೆ, ಧೂಳು ಹೋಗಿದೆ, ಇನ್ನು ಮಿರ್ಚಿ ಭತ್ತಾ ಬಂದ್ ಎಂದ. ಯಾರೋ ಗೊಣಗಿದರು. "ಓ ತೋ ಪಾಪಾ ಕೀ ಖುಷಿ ಥೀ," ಎಂದ. ಅಪ್ಪ ಖುಷಿಯಿಂದ ಕೊಡುತ್ತಿದ್ದರು, ಅದು ನಿಮ್ಮ ಪಗಾರದಲ್ಲಿ ಸೇರಿದ್ದಲ್ಲ ಎಂದು ಅರ್ಥ.

ಶಾಂತವ್ವ ಬೆಲ್ಲದ ಹೆಂಟೆಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನು ಸೇಠನ ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

"ಮೊಣಕೈಗೆ ಬೆಲ್ಲ ಹಚ್ಚಾಕತ್ತಾರ ಅಕ್ಕಾರ," ಎಂದಳು ನನಗೆ. "ನಾಲಿಗಿ ಮುಟ್ಟಂಗಿಲ್ಲ, ಬೆಲ್ಲ ಕೊಟ್ಟಿಲ್ಲ ಅನ್ನಾಕೂ ಬರಂಗಿಲ್ಲ. ನನಗ ಬ್ಯಾಡ."

ಅವಳ ಹಿಂದೆ ನಿಂತವಳೂ ಇಟ್ಟಳು. ಅವಳ ಹಿಂದಿನವಳೂ. ನಾನು ನನ್ನ ಹೆಂಟೆಯ ಮೂಲೆ ಆಗಲೇ ಕಚ್ಚಿಬಿಟ್ಟಿದ್ದೆ; ಉಳಿದದ್ದನ್ನು ಇಟ್ಟು ಬಂದೆ. ಸೇಠ್ ನಕ್ಕು ಬೀಗ ಹಾಕಿ ಹೋದ. ಸೋಮವಾರ ಬಂದು ನೋಡಿದರೆ ಮೇಜು, ಕುರ್ಚಿ, ಫೋನು, ಬಿಲ್ಲುಗಳ ಮೇಲೆಲ್ಲ ಇರುವೆ. ಅರ್ಧ ದಿನ ಅವನು ನಿಂತೇ ಕೆಲಸ ಮಾಡಿದ. ಮುಂದಿನ ಶನಿವಾರವೂ ಬೆಲ್ಲ ಮೇಜಿನ ಮೇಲೇ ಉಳಿಯಿತು. ಶಾಂತವ್ವ ಮನೆಯಲ್ಲೂ ಬೆಲ್ಲ ತರುವುದು ಬಿಟ್ಟಳು. ಮಾಮೂಲು ಬರುವ ತನಕ ಸಿಹಿ ಇಲ್ಲ ಎಂದು ಮಗಳಿಗೂ ಬರಿಯ ಚಹಾ ಕುಡಿಸಿದಳು.

ಆದರೆ ಇರುವೆಗಳನ್ನು ನಂಬಿ ಎಷ್ಟು ದಿನ ಕೂರುವುದು? ಶನಿವಾರಗಳು ಕಳೆಯುತ್ತಿದ್ದವು, ಜೂನು ಹತ್ತಿರ ಬರುತ್ತಿತ್ತು. ಶಾಂತವ್ವ ಬಡ್ಡಿಗೆ ಸಾಲ ತರುವ ಮಾತಾಡತೊಡಗಿದಳು. ನನಗೆ ಸಿಟ್ಟು ಬಂತು. ನಮ್ಮ ಚಾಳಿನಲ್ಲಿ ಬಟ್ಟೆ ಗಿರಣಿಯಲ್ಲಿ ದುಡಿದ ಹಿರಿಯರೊಬ್ಬರಿದ್ದರು, ಅವರನ್ನು ಕೇಳಿದೆ. ಬೇಡುವ ದನಿಯಲ್ಲಿ ಸೇಠನ ಹತ್ತಿರ ಹೋಗಬೇಡಿ, ಎಲ್ಲರೂ ಕೂಡಿ ಲೇಬರ್ ಆಫೀಸಿಗೆ ಹೋಗಿ, ಅದು ಇರುವುದೇ ಇದಕ್ಕೆ ಎಂದರು. ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿ ಅರ್ಜಿ ಕೊಟ್ಟೆವು. ಎರಡೂ ಕಡೆಯವರು ಬನ್ನಿ ಎಂದು ಕರೆ ಬಂತು.

ನಮ್ಮ ಕಡೆಯಿಂದ ನಾನು ಮಾತಾಡಬೇಕು ಎಂದು ಠರಾವಾಯಿತು, ಬಿ.ಎ. ಅಲ್ಲವೇ. ನನ್ನ ಹಿಂದಿಯ ವಿಚಾರ ಅವರಿಗೆ ಗೊತ್ತಿರಲಿಲ್ಲ. ನನ್ನ ಹಿಂದಿಯಲ್ಲಿ ಗಂಡಸರು ಬರುತ್ತಾಳೆ, ಹೆಂಗಸರು ಹೋಗುತ್ತಾನೆ. ಆದರೂ ವಕೀಲಳ ಗತ್ತಿನಲ್ಲಿ ಇಸ್ತ್ರಿ ಸೀರೆ ಉಟ್ಟು ಹೋದೆ. ಉಳಿದವರು ಮೊದಲ ಪಾಳಿ ಮುಗಿಸಿ ಮೈಕೈ ಝಾಡಿಸಿಕೊಂಡು ನೆಟ್ಟಗೆ ಅಲ್ಲಿಗೇ ಬಂದರು.

ಅಧಿಕಾರಿ ಒಬ್ಬ ನಡುವಯಸ್ಸಿನ ಮರಾಠಿ ಹೆಂಗಸು, ಸೊಲ್ಲಾಪುರದ ಕಡೆಯವರು. ಛೋಟೇ ಸೇಠ್ ಎದುರಿಗೆ ಕೂತಿದ್ದ. ನಾನು ಎದ್ದು ನಿಂತು "ಹಮಾರಾ ಕಹನಾ ಹೈ ಕಿ" ಎಂದೆ. ಮುಂದಿನದು ಬರಲಿಲ್ಲ. ಇನ್ನೊಮ್ಮೆ ಅದನ್ನೇ ಅಂದೆ. ಶಾಂತವ್ವನಿಗೆ ತಡೆಯಲಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ ತನ್ನ ಹಿಂದಿಯಲ್ಲಿ ಹೇಳಿಯೇಬಿಟ್ಟಳು:

"ಬಾಯಿಸಾಬ್, ಯೇ ಹಮಾರಾ ಮಾಮೂಲಿ ಹೈ. ಮಾಮೂಲಿ ಕೈಸಾ ಬಂದ್ ಕರತಾ?"

ಛೋಟೇ ಸೇಠನ ಮುಖ ಅರಳಿತು. "ಬರೆದುಕೊಳ್ಳಿ ಮ್ಯಾಡಮ್," ಎಂದ. "ಇದು ಮಾಮೂಲಿ ಅಂತ ಅವಳೇ ಒಪ್ಪಿದಳು. ಮಾಮೂಲಿ ವಿಷಯಕ್ಕೆ ನಿಮ್ಮ ಟೈಮ್ ಯಾಕೆ ಹಾಳು?"

ಹಿಂದಿಯಲ್ಲಿ ಮಾಮೂಲಿ ಎಂದರೆ ಕ್ಷುಲ್ಲಕ, ಲೆಕ್ಕಕ್ಕಿಲ್ಲದ್ದು. ಶಾಂತವ್ವ ಹೇಳಿದ್ದು ನಮ್ಮ ಮಾಮೂಲು; ಮೊದಲಿನಿಂದ ನಡೆದುಬಂದದ್ದು, ಕೇಳದೆಯೇ ಬರಬೇಕಾದ್ದು. ಒಂದೇ ಶಬ್ದ, ಗಡಿ ದಾಟಿದೊಡನೆ ಪಕ್ಷ ಬದಲಿಸಿ ಸೇಠನ ಪಕ್ಕದಲ್ಲಿ ಹೋಗಿ ಕೂತಿತ್ತು. ನಾನು ಅವಸರದಿಂದ, ಮ್ಯಾಡಮ್, ನಮ್ಮ ಕನ್ನಡದಲ್ಲಿ ಇದರ ಅರ್ಥ ಬೇರೆ ಎಂದು ವಿವರಿಸತೊಡಗಿದೆ. ಅರ್ಧದಲ್ಲಿ ಇನ್ನೊಂದು ಸಂಗತಿ ಹೊಳೆಯಿತು. ಚೌಕದಲ್ಲಿ ಪೊಲೀಸನ ಕೈಗೆ ತುರುಕುವುದಕ್ಕೂ ನಾವು ಮಾಮೂಲು ಎಂದೇ ಅನ್ನುತ್ತೇವೆ. ಸರ್ಕಾರಿ ಆಫೀಸಿನಲ್ಲಿ ನಿಂತು ಆ ಅರ್ಥ ಬಿಡಿಸುವ ಧೈರ್ಯವಾಗಲಿಲ್ಲ. ಅದನ್ನು ನುಂಗಿಕೊಂಡೆ.

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ. "ನನ್ನ ಅಜ್ಜ ಊರಿನ ಲೆಕ್ಕ ಬರೀತಿದ್ದರು. 'ಮಾಮೂಲಪ್ರಮಾಣೆ' ಅನ್ನೋದು ಅವರ ಬಾಯಲ್ಲಿ ಸದಾ ಇರೋದು. ಹಿಂದಿನಿಂದ ನಡೆದುಬಂದ ಹಾಗೆ ಅಂತ. ಈ ಹೆಂಗಸು ಹೇಳೋದು ಆ ಮಾಮೂಲು. ಸೇಠ್‌ಜಿ, ನಿಮ್ಮ ತಂದೆ ಇದನ್ನು ಯಾವಾಗ ಶುರು ಮಾಡಿದರು?"

ತಾನು ಶಾಲೆಗೆ ಹೋಗುವ ಮೊದಲು ಎಂದ ಛೋಟೇ ಸೇಠ್. ಆಮೇಲೆ ಹಾಗೆ ಹೇಳಿದ್ದಕ್ಕೆ ತುಟಿ ಕಚ್ಚಿಕೊಂಡ.

"ನಡುವೆ ಯಾವ ವರ್ಷವಾದರೂ ತಪ್ಪಿತ್ತೇ?"

ಇಲ್ಲ.

"ಹಾಗಾದರೆ ಅದು ಇವರ ಕೆಲಸದ ಕರಾರಿನಲ್ಲೇ ಸೇರಿಹೋಯಿತು. ಕಾಗದದ ಮೇಲೆ ಇಲ್ಲದಿದ್ದರೂ ಸೇರಿತು. ತೆಗೀಬೇಕು ಅಂದರೆ ಮೊದಲು ಇವರಿಗೆ ನೋಟಿಸು ಕೊಡಬೇಕು, ಇವರ ಮಾತು ಕೇಳಬೇಕು. ಶನಿವಾರ ಎದ್ದು ಬಂದ್ ಅಂದರೆ ಬಂದ್ ಆಗೋದಿಲ್ಲ."

"ಅದು ಪಾಪಾನ ಖುಷಿ, ಮ್ಯಾಡಮ್," ಎಂದು ಅವನು ಮತ್ತೆ ಹಳೇ ರಾಗ ತೆಗೆದ.

ಶಾಂತವ್ವ ನನ್ನ ಕಡೆ ತಿರುಗಿದಳು. "ಹೇಳ್ರಿ ಅಕ್ಕಾರ ಅವ್ರಿಗೆ. ಖುಷಿ ಅವರಪ್ಪಂದು ಖರೆ. ಕೆಮ್ಮು ನಮ್ದಲ್ಲೇನು?"

ಇದನ್ನು ಮಾತ್ರ ನಾನು ಒಂದೂ ತಪ್ಪಿಲ್ಲದೆ ಹಿಂದಿಗೆ ತಂದೆ. ನನ್ನ ಜೀವನದ ಶ್ರೇಷ್ಠ ಅನುವಾದ ಅದೊಂದೇ.

ಛೋಟೇ ಸೇಠನ ಬಳಿ ಇನ್ನೂ ಫ್ಯಾನು ಉಳಿದಿತ್ತು. ಅದರ ಬೆಲೆ ಹೇಳಿದ, ಎಳೆಯುವ ಶಕ್ತಿ ಹೇಳಿದ, ಈಗ ಸೆಕ್ಷನ್ನಿನಲ್ಲಿ ಧೂಳೆಂಬುದೇ ಇಲ್ಲ ಎಂದ. ಆತ ಹೇಳುತ್ತಿದ್ದಂತೆ ಅಧಿಕಾರಿಯ ಕಣ್ಣಲ್ಲಿ ನೀರಾಡಿತು. ಮೂಗಿನ ಹೊಳ್ಳೆ ಅರಳಿತು. ಪಾಳಿಯಿಂದ ನೆಟ್ಟಗೆ ಬಂದ ಹೆಂಗಸರು ಅವರ ಮೇಜಿನ ಸುತ್ತ ನಿಂತಿದ್ದರು. ಲೇಡೀಸ್ ಡಬ್ಬಿಯಲ್ಲಿ ದಿನವೂ ನೋಡಿದ ಮುಖವೇ ಅದು, ಮುಂದೇನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಸೀನಿದರು. ಕರವಸ್ತ್ರ ತೆಗೆಯುವುದರೊಳಗೆ ಇನ್ನೊಮ್ಮೆ ಸೀನಿದರು.

"ನೂರು ವರ್ಷ ಬಾಳ್ರಿ," ಎಂದಳು ಶಾಂತವ್ವ. ಜೋಡಿ ಸೀನು, ಶುಭ ಎಂದು ನನ್ನ ಕಿವಿಯಲ್ಲಿ ಉಸುರಿದಳು.

"ಫ್ಯಾನು ಚೆನ್ನಾಗಿದೆ ಅಂತ ಕಾಣುತ್ತೆ," ಎಂದರು ಅಧಿಕಾರಿ ಮೂಗು ಒರೆಸಿಕೊಳ್ಳುತ್ತ. ತಾವು ತೀರ್ಪು ಕೊಡುವವರಲ್ಲ, ಇಬ್ಬರನ್ನೂ ಕೂಡಿಸುವವರು. ಇಲ್ಲಿ ಮುಗಿಯದಿದ್ದರೆ ವಿಷಯ ಕೋರ್ಟಿಗೆ ಹೋಗುತ್ತದೆ, ಅಲ್ಲಿ ಎಷ್ಟು ಹಂಗಾಮು ಹಿಡಿಯುತ್ತದೋ ತಿಳಿಯದು ಎಂದು ಇಬ್ಬರಿಗೂ ಬಿಡಿಸಿ ಹೇಳಿದರು. ಛೋಟೇ ಸೇಠ್ ಹೊರಗೆ ಹೋಗಿ ಅಪ್ಪನಿಗೆ ಫೋನು ಮಾಡಿದ. ಅಪ್ಪ ಏನಂದರೋ ನಮಗೆ ಕೇಳಿಸಲಿಲ್ಲ, ಮಗನ ಕಿವಿ ಕೆಂಪಾದದ್ದು ಕಾಣಿಸಿತು. ಒಳಗೆ ಬಂದು ಒಪ್ಪಂದಕ್ಕೆ ಸಹಿ ಹಾಕಿದ. ನಿಂತ ಮಾಮೂಲು ಪೂರಾ ಕೊಡುವುದು, ಮುಂದೆ ಕೈ ಹಚ್ಚುವುದಾದರೆ ನಮ್ಮನ್ನು ಕೇಳಿಯೇ ಹಚ್ಚುವುದು.

ಆ ಶನಿವಾರ ಅವನು ದುಡ್ಡು ಕೊಟ್ಟು ಬೆಲ್ಲವನ್ನೂ ಮುಂದೆ ಹಿಡಿದ, ಸ್ವಲ್ಪ ಅಂಜುತ್ತಲೇ. ಶಾಂತವ್ವ ಹೆಂಟೆಯನ್ನು ಎರಡು ಮಾಡಿ ಒಂದು ಚೂರು ಅವನ ಕೈಗೇ ಇಟ್ಟಳು. "ತಿನ್ನೋ ಯಪ್ಪಾ, ನೀನೂ ಬಾಳ ಮಾತಾಡಿ ಗಂಟ್ಲ ಒಣಗಿಸಿಕೊಂಡಿ," ಎಂದಳು. ಅವನಿಗೆ ಕನ್ನಡ ಬರುವುದಿಲ್ಲ. ಆದರೂ ತಿಂದ. ಜೂನಿನಲ್ಲಿ ರೇಣುಕಾ ನರ್ಸಿಂಗಿಗೆ ಸೇರಿದಳು.

ಇಷ್ಟು ಹೇಳುವಾಗ ಎರಡನೆಯ ಕಾಫಿ ಆರಿಹೋಗಿತ್ತು. ರೇಣುಕಾ ಮಗ್ಗಿನ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು.

"ನಮ್ಮ ಎಚ್.ಆರ್. ಸುದ್ಧಾ ಹಂಗ ಅಂದ್ರು ಮಾವಶಿ. ಗುಡ್‌ವಿಲ್ ಅಂತ," ಎಂದಳು.

"ಅದ ಖುಷಿ. ಇಂಗ್ಲಿಷ್ ಅಂಗಿ ಹಾಕ್ಕೊಂಡು ಬಂದದ," ಎಂದೆ.

ಅವಳು ಗಡಿಯಾರ ನೋಡಿ ಎದ್ದಳು. ಮಗ್ಗನ್ನು ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿನ ಕಡೆ ಹೋದಳು. ನಾನು ಹೆಚ್ಚು ಮಾತಾಡಿದೆನೇನೋ ಎಂದುಕೊಂಡು ಮನೆಗೆ ಬಂದೆ. ಕಾಲ ಬೇರೆ, ಕಾರ್ಖಾನೆ ಬೇರೆ, ನಮ್ಮ ಸೀನಿನ ಕಥೆ ಇವರ ಯಾವ ಕೆಲಸಕ್ಕೆ? ಇಷ್ಟು ವರ್ಷ ನಾನು ಇದನ್ನು ನಗಿಸುವುದಕ್ಕೆಂದೇ ಹೇಳಿಕೊಂಡು ಬಂದವಳು. ಸೋಮವಾರ ಮಾತ್ರ ಬೆಳಗಿನಿಂದ ಫೋನು ಕೈಯಲ್ಲೇ ಇಟ್ಟುಕೊಂಡು ಓಡಾಡಿದೆ. ಕುಕ್ಕರಿನ ಸೀಟಿ ಎಣಿಸುವುದೂ ಮರೆತು ಅನ್ನ ಮುದ್ದೆಯಾಯಿತು.

ಸಂಜೆ, ಡ್ಯೂಟಿ ಮುಗಿಸಿ ಮನೆಗೆ ಹೋದ ಮೇಲೆ ರೇಣುಕಾ ಫೋನು ಮಾಡಿದಳು.

"ಯಾರೂ ಸೈನ್ ಮಾಡಲಿಲ್ಲ ಮಾವಶಿ. 'ಯೇ ಹಮಾರಾ ಮಾಮೂಲ್ ಹೈ' ಅಂದೆ ನಾನು. 'ಮಾಮೂಲಿ ಹೈ ತೋ ಝಗಡಾ ಕ್ಯೂಂ' ಅಂದ್ರು ಎಚ್.ಆರ್. ಕೂಡ್ರಿ ಸರ್, ಸಮಝಾತೀ ಹೂಂ ಅಂದೆ." ಅವಳು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. "ಮತ್ತ ಹೊರಗ ಬರೋ ಮುಂದ ಎಲ್ಲಾರೂ ಮಗ್ ಅವರ ಟೇಬಲ್ ಮ್ಯಾಲ ಇಟ್ಟು ಬಂದ್ವಿ. ಪೂರಾ ಟೇಬಲ್ ತುಂಬಿತು. ಫೈಲ್ ಇಡಾಕ ಜಾಗಾ ಇಲ್ಲ."

ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ತೋರಗೊಡಬಾರದೆಂದು, "ಮಗ್ಗಿಗೆ ಇರುವೆ ಬರೋದಿಲ್ಲಲ್ಲೇ," ಎಂದೆ.

"ಇರುವೆ ಬರಲಿಲ್ಲ. ಎಚ್.ಆರ್. ಬಂದ್ರು, ವಾರ್ಡಿನ ತನಕ, ತಾವೇ ನಡಕೊಂಡು. ಗುರುವಾರ ಎಲ್ಲಾರ ಕೂಡ ಮೀಟಿಂಗ್ ಅದ. ತಡೀರಿ, ಅವ್ವ ಮಾತಾಡ್ತಾಳಂತ."

ಫೋನು ಕೈ ಬದಲಾಯಿಸಿತು. ಮೊದಲು ಆ ಹಳೆಯ ಕೆಮ್ಮು ಕೇಳಿಸಿತು, ಆಮೇಲೆ ಶಾಂತವ್ವ.

"ಗುರುವಾರ ಹೋಗೋ ಮುಂದ ನೀವೂ ಆಕಿ ಸಂಗಾಟ ಹೋಗ್ರಿ ಅಕ್ಕಾರ," ಎಂದಳು. "ಹೊರಗ ಕುಂತಿದ್ರೂ ಸಾಕು. ಒಂದು ಮುಷ್ಟಿ ಖಾರಾಪುಡಿ ಸೆರಗಿನಾಗ ಕಟ್ಕೊಂಡು ಹೋಗ್ರಿ, ಯಾವುದಕ್ಕೂ ಇರಲಿ."